ರತ್ನಗಂಬಳಿಯ ಹಿಂದಿನ ಕೈಗಳು

ನಾವು ಹಣ ಕೊಟ್ಟು ಕೊಳ್ಳುವ ವಸ್ತುವೊಂದು ನಮ್ಮ ಕೈ ಸೇರುವ ಮೊದಲು ಎಷ್ಟೋ ಕೈಗಳನ್ನು ದಾಟಿ ಬಂದಿರುತ್ತದೆ. ಉತ್ತರ ಪ್ರದೇಶದ ಭದೋಹಿ, ಮಿರ್ಜಾಪುರಗಳ ಸುತ್ತ ತಯಾರಾಗುವ ರತ್ನಗಂಬಳಿಯನ್ನೇ ನೋಡೋಣ. ಒಬ್ಬರು ಉಣ್ಣೆಯನ್ನು ನೂಲುತ್ತಾರೆ. ಮತ್ತೊಬ್ಬರು ಅದಕ್ಕೆ ಬಣ್ಣ ಕಟ್ಟುತ್ತಾರೆ. ಹಳ್ಳಿಯ ಮಗ್ಗದ ಮುಂದೆ ಕುಳಿತವರು ಗಂಟಿನ ಮೇಲೆ ಗಂಟು ಹಾಕಿ ನೇಯುತ್ತಾರೆ. ಗುತ್ತಿಗೆದಾರನು ಅದನ್ನು ರಫ್ತು ವ್ಯಾಪಾರಿಗೆ ಒಪ್ಪಿಸುತ್ತಾನೆ. ಅಲ್ಲಿಂದ ಹಡಗನ್ನೇರಿ ಅದು ಜರ್ಮನಿಯ ಅಥವಾ ಅಮೆರಿಕದ ಅಂಗಡಿಯನ್ನು ಸೇರುತ್ತದೆ. ಕಚ್ಚಾ ಸಾಮಗ್ರಿಯಿಂದ ಗಿರಾಕಿಯವರೆಗಿನ ಈ ಸಾಲಿಗೆ ಪೂರೈಕೆಯ ಸರಪಳಿ ಎಂದು ಹೆಸರು. ಕೊನೆಯ ಕೊಂಡಿಯಲ್ಲಿರುವ ಗಿರಾಕಿಗೆ ಮೊದಲ ಕೊಂಡಿಯಲ್ಲಿರುವ ನೇಕಾರನ ಮುಖ ಕಾಣದು. ಬಲವಂತದ ದುಡಿಮೆ ಬೆಳೆಯುವುದು ಈ ಮರೆಯಲ್ಲಿಯೇ.

ದಂಡನೆಯ ಭಯದಿಂದ, ಸ್ವಂತ ಒಪ್ಪಿಗೆಯಿಲ್ಲದೆ ಮಾಡಬೇಕಾಗಿ ಬರುವ ಕೆಲಸವೇ ಬಲವಂತದ ದುಡಿಮೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1930ರ ಒಡಂಬಡಿಕೆ ಹೇಳುತ್ತದೆ. ಅದಕ್ಕೆ ಕಬ್ಬಿಣದ ಸಂಕೋಲೆ ಬೇಕಾಗಿಲ್ಲ, ಸಾಲವೇ ಸಂಕೋಲೆಯಾಗಬಲ್ಲದು. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯನ್ನು ಓದಿದವರಿಗೆ ಇದು ಹೊಸತಲ್ಲ. ಕಾಫಿ ತೋಟದಿಂದ ತಂದ ಸಾಲವನ್ನು ತೀರಿಸುವುದಕ್ಕಾಗಿ ಚೋಮನ ಮಕ್ಕಳು ಅಲ್ಲಿಗೆ ಹೋಗಿ ದುಡಿಯಬೇಕಾಗುತ್ತದೆ. ನಮ್ಮ ನಾಡಿನಲ್ಲಿ ಜೀತವೆಂದು ಕರೆಯುವುದು ಇಂತಹ ಬಾಳನ್ನೇ.

ರತ್ನಗಂಬಳಿಯ ಮಗ್ಗಗಳಲ್ಲಿಯೂ ನಡೆದುದು ಇದೇ. 1980ರ ದಶಕದಲ್ಲಿ ದಳ್ಳಾಳಿಗಳು ಬಿಹಾರದ ಬಡ ಹಳ್ಳಿಗಳಿಗೆ ಹೋಗಿ, ತಂದೆತಾಯಿಗಳ ಕೈಯಲ್ಲಿ ಅಲ್ಪಸ್ವಲ್ಪ ಮುಂಗಡವನ್ನಿಟ್ಟು, ಕೆಲಸ ಕಲಿಸುವ ಆಸೆ ತೋರಿಸಿ ಮಕ್ಕಳನ್ನು ಕರೆತರುತ್ತಿದ್ದರು. ಊರು ದೂರ, ಪರಿಚಿತರಿಲ್ಲ, ಕೈಯಲ್ಲಿ ಕಾಸಿಲ್ಲ. ಹಾಗಿರಲು ಆ ಮಕ್ಕಳು ಓಡಿಹೋಗುವುದಾದರೂ ಎಲ್ಲಿಗೆ? ವಂಚನೆಯಿಂದ ಜನರನ್ನು ಹೀಗೆ ಸಾಗಿಸಿ ದುಡಿಸುವುದನ್ನು ಮಾನವ ಸಾಗಣೆ ಎನ್ನುತ್ತಾರೆ.

ಇದನ್ನು ತಡೆಯಲು ಕಾನೂನುಗಳಿಲ್ಲವೆಂದಲ್ಲ. ನಮ್ಮ ಸಂವಿಧಾನದ 23ನೆಯ ವಿಧಿಯು ಮಾನವ ಸಾಗಣೆಯನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದೆ. 1976ರ ಕಾಯಿದೆಯು ಜೀತ ಪದ್ಧತಿಯನ್ನು ರದ್ದುಗೊಳಿಸಿ, ಜೀತಕ್ಕೆ ಕಾರಣವಾದ ಸಾಲವನ್ನೂ ಅಳಿಸಿಹಾಕಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಕೂಡ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹಸಿವಿನಿಂದ ಬಳಲುವವನು ಎಂತಹ ಕೂಲಿಗಾದರೂ ಒಪ್ಪುತ್ತಾನೆ. ಆ ಒಪ್ಪಿಗೆಯನ್ನು ಸ್ವಂತ ಇಚ್ಛೆಯೆನ್ನಲಾಗದು ಎಂಬುದು ತೀರ್ಪಿನ ತಿರುಳು. ಆದರೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 2 ಕೋಟಿ 76 ಲಕ್ಷ ಜನರು ಬಲವಂತದ ದುಡಿಮೆಯಲ್ಲಿದ್ದರು. ಕಾನೂನಿನ ಕಣ್ಣು ಎಲ್ಲ ಹಳ್ಳಿಗಳ ಎಲ್ಲ ಮಗ್ಗಗಳನ್ನೂ ಮುಟ್ಟಲಾರದು. ವ್ಯಾಪಾರದಿಂದ ಲಾಭ ಪಡೆಯುವವರೂ ತಮ್ಮ ಸರಪಳಿಯ ಮೊದಲ ಕೊಂಡಿಯನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಇಂತಹ ಒಂದು ಪ್ರಯತ್ನವು 1994ರಲ್ಲಿ ರತ್ನಗಂಬಳಿಯ ಉದ್ಯಮದಲ್ಲಿಯೇ ಆರಂಭವಾಯಿತು. ಕೈಲಾಶ್ ಸತ್ಯಾರ್ಥಿಯವರು ಮತ್ತು ಅವರ ಸಂಗಡಿಗರ ಶ್ರಮದಿಂದ ‘ರಗ್‌ಮಾರ್ಕ್’ ಎಂಬ ಗುರುತುಚೀಟಿ ಬಳಕೆಗೆ ಬಂದಿತು. ಈ ಚೀಟಿಯನ್ನು ಬಯಸುವ ರಫ್ತು ವ್ಯಾಪಾರಿಯು ತನಗಾಗಿ ನೇಯುವ ಮಗ್ಗಗಳ ಪಟ್ಟಿಯನ್ನು ಕೊಡಬೇಕು; ಮುನ್ಸೂಚನೆಯಿಲ್ಲದೆ ಬರುವ ತಪಾಸಣಾಧಿಕಾರಿಗಳಿಗೆ ಬಾಗಿಲು ತೆರೆಯಬೇಕು. ಚೀಟಿಯ ಮೇಲಿನ ಸಂಖ್ಯೆಯ ಸಹಾಯದಿಂದ ಗಂಬಳಿಯನ್ನು ಯಾವ ಮಗ್ಗದಲ್ಲಿ ನೇಯಲಾಯಿತೆಂದು ಪತ್ತೆಹಚ್ಚಬಹುದು. ವಿದೇಶಿ ವ್ಯಾಪಾರಿಗಳು ಕೊಡುವ ಹಣದಲ್ಲಿ ಒಂದು ಪಾಲು ಬಿಡುಗಡೆಯಾದ ಮಕ್ಕಳ ಶಿಕ್ಷಣಕ್ಕೆ ಸಲ್ಲುತ್ತದೆ. 2009ರಲ್ಲಿ ಈ ಗುರುತು ‘ಗುಡ್‌ವೀವ್’ ಎಂಬ ಹೊಸ ಹೆಸರನ್ನು ಪಡೆಯಿತು. ಸತ್ಯಾರ್ಥಿಯವರಿಗೆ 2014ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವು ದೊರೆಯಿತು.

ಆದರೆ ತಪಾಸಣೆಯೊಂದರಿಂದಲೇ ಕಾರ್ಯ ಮುಗಿಯದು. ಕೊಳ್ಳುವ ವ್ಯಾಪಾರಿಯು ಬೆಲೆಯನ್ನು ಮಿತಿಮೀರಿ ಇಳಿಸಿದರೆ, ಗುತ್ತಿಗೆದಾರನು ನೇಕಾರನ ಕೂಲಿಯನ್ನು ಇಳಿಸುತ್ತಾನೆ. ಕೂಲಿ ಸಾಲದ ಮನೆಗೆ ಮುಂಗಡದ ದಳ್ಳಾಳಿ ಮತ್ತೆ ಬರುತ್ತಾನೆ. ಆದುದರಿಂದ ನ್ಯಾಯವಾದ ಬೆಲೆ ಮೊದಲು ಬೇಕು. ಕೂಲಿಯು ದಳ್ಳಾಳಿಯ ಕೈ ಸೇರದೆ ದುಡಿದವನಿಗೇ ನೇರವಾಗಿ ಸಲ್ಲಬೇಕು. ಕೆಲಸಕ್ಕೆ ಸೇರಿಸುವ ವೆಚ್ಚವನ್ನು ಮಾಲೀಕನೇ ಭರಿಸಬೇಕು. ದುಡಿಯುವವನ ಗುರುತಿನ ಪತ್ರಗಳು ಅವನ ಬಳಿಯಲ್ಲಿಯೇ ಇರಬೇಕು. ಅವನ ಮಕ್ಕಳಿಗೆ ಹತ್ತಿರದಲ್ಲಿ ಶಾಲೆಯಿರಬೇಕು. ಇಷ್ಟಾದರೆ ಸಾಲದ ಸಂಕೋಲೆ ತಾನಾಗಿಯೇ ಸಡಿಲವಾಗುತ್ತದೆ.

ವಸ್ತುವನ್ನು ಕೊಳ್ಳುವಾಗ ನಾವು ಅದರ ಅಂದವನ್ನು ನೋಡುತ್ತೇವೆ, ಬೆಲೆಯನ್ನು ಕೇಳುತ್ತೇವೆ. ಅವುಗಳೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದನ್ನು ರೂಢಿಸಿಕೊಳ್ಳಬೇಕು: ಇದನ್ನು ಮಾಡಿದವರಿಗೆ ಕೆಲಸ ಬಿಟ್ಟು ಮನೆಗೆ ಹೋಗುವ ಸ್ವಾತಂತ್ರ್ಯವಿತ್ತೇ? ಕೊಳ್ಳುವವರು ಈ ಪ್ರಶ್ನೆಯನ್ನು ಬಿಡದೆ ಕೇಳುತ್ತಿದ್ದರೆ ಮಾರುವವರು ಉತ್ತರವನ್ನು ಹುಡುಕಲೇಬೇಕಾಗುತ್ತದೆ.