ಹೆಸರು ಕರೆದರೆ ತಿರುಗಿ ನೋಡದ ಮಗು
ಆಟಿಸಂ ಇರುವ ಚಿಕ್ಕ ಮಕ್ಕಳ ಹೆತ್ತವರಿಗೆ ಕೆಲವು ಮಾತು

ನಮ್ಮ ಎರಡನೆಯ ಮಗನಿಗೆ ಎರಡು ವರ್ಷ ತುಂಬಿದರೂ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಹೆಸರು ಹಿಡಿದು ಎಷ್ಟು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಅಡುಗೆಕೋಣೆಯಲ್ಲಿ ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದ ಸದ್ದಿಗೆ ಅಂಗಳದಿಂದ ಓಡಿ ಬರುತ್ತಿದ್ದ. ಕಿವಿ ಕೇಳುತ್ತದಲ್ಲ, ಇನ್ನೇನು ಭಯ ಎಂದು ನಾವು ಸಮಾಧಾನಪಟ್ಟುಕೊಂಡೆವು. "ಗಂಡು ಮಕ್ಕಳಿಗೆ ಮಾತು ತಡ, ಇವನ ಅಪ್ಪನೂ ಹಾಗೆಯೇ" ಎಂದು ಅಜ್ಜಿ ಹೇಳಿದರು. ತೋರಿಸಿದ ಕಡೆಯಲ್ಲಿಯೂ "ಇನ್ನೊಂದು ವರ್ಷ ನೋಡಿ" ಎಂದು ಕಳುಹಿಸಿದರು. ನಾವು ನೋಡಿದೆವು. ವರ್ಷ ಕಳೆಯಿತು, ಮಾತು ಬರಲಿಲ್ಲ. ನಮ್ಮ ಹಾಗೆ ಇನ್ನೊಂದು ಮನೆಯವರು ಆ ಒಂದು ವರ್ಷವನ್ನು ಕಳೆದುಕೊಳ್ಳಬಾರದು ಎಂಬುದೇ ಈ ಲೇಖನದ ಉದ್ದೇಶ.

ಆಟಿಸಂ ಎಂದರೇನು?

ಆಟಿಸಂ ಎಂದರೆ ಮೆದುಳಿನ ಬೆಳವಣಿಗೆಯಲ್ಲಿರುವ ಒಂದು ಭಿನ್ನತೆ. ಕನ್ನಡದಲ್ಲಿ ಸ್ವಲೀನತೆ ಎಂದು ಬರೆಯುವುದೂ ಉಂಟು. ಅದು ಅಂಟುರೋಗವಲ್ಲ, ಹುಚ್ಚೂ ಅಲ್ಲ. ಇತರರೊಡನೆ ಬೆರೆಯುವುದು, ಬೇಕಾದುದನ್ನು ತಿಳಿಸುವುದು ಈ ಮಕ್ಕಳಿಗೆ ಕಷ್ಟ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ದಿನದ ಕ್ರಮ ತಪ್ಪಿದರೆ ಕಂಗಾಲಾಗುವುದು, ಕೆಲವು ಸದ್ದು, ಬೆಳಕು, ರುಚಿ, ಸ್ಪರ್ಶಗಳನ್ನು ತಾಳಲಾರದಿರುವುದು ಇದರ ಇನ್ನೊಂದು ಮುಖ. ಎಲ್ಲಾ ಮಕ್ಕಳೂ ಒಂದೇ ತರಹ ಇರುವುದಿಲ್ಲ. ಒಂದು ಮಗು ಮಾತೇ ಆಡದಿರಬಹುದು. ಇನ್ನೊಂದು ಎಡೆಬಿಡದೆ ಮಾತಾಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಹುಡುಗರಲ್ಲಿ ಹೆಚ್ಚು ಕಂಡುಬರುತ್ತದೆ; ಹುಡುಗಿಯರಲ್ಲಿ ಗಮನಕ್ಕೆ ಬಾರದೆ ಹೋಗುವುದೂ ಉಂಟು.

ತಪ್ಪು ಯಾರದು?

ಯಾರದೂ ಅಲ್ಲ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರು 1943ರಲ್ಲಿ 11 ಮಕ್ಕಳನ್ನು ಪರೀಕ್ಷಿಸಿ ಈ ಸ್ಥಿತಿಯನ್ನು ವಿವರಿಸಿದರು. ಅನಂತರ ಹಲವು ವರ್ಷ ತಾಯಿಯ ಪ್ರೀತಿ ಸಾಲದ್ದರಿಂದ ಮಗು ಹೀಗಾಯಿತು ಎಂದು ವೈದ್ಯರೇ ತಾಯಂದಿರನ್ನು ದೂರಿದ್ದರು. ಆಟಿಸಂ ಇದ್ದ ಮಗುವಿನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ ಅವರು 1964ರಲ್ಲಿ ಪುಸ್ತಕ ಬರೆದು ಆ ವಾದವನ್ನು ಖಂಡಿಸಿದರು. ಹುಟ್ಟಿನಿಂದ ಬಂದ ವಂಶವಾಹಿಗಳ ಪಾತ್ರ ಇದರಲ್ಲಿ ದೊಡ್ಡದು ಎಂದು ಇಂದು ತಿಳಿದಿದೆ. ಹಾಗಿದ್ದರೂ "ಬಸುರಿಯಾಗಿದ್ದಾಗ ಅವಳು ಏನು ತಿಂದಳೋ, ಎಲ್ಲಿಗೆ ಹೋದಳೋ" ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ನಿಂತಿಲ್ಲ. ಆ ಮಾತಿನಿಂದ ಮಗುವಿಗೆ ಯಾವ ಪ್ರಯೋಜನವೂ ಇಲ್ಲ. ತಾಯಿಯ ಧೈರ್ಯ ಮಾತ್ರ ಕುಗ್ಗುತ್ತದೆ.

ಚುಚ್ಚುಮದ್ದಿನಿಂದ ಆಟಿಸಂ ಬರುತ್ತದೆಂಬ ಹೆದರಿಕೆಯೂ ಬೇಡ. 1998ರಲ್ಲಿ ಹಾಗೆ ಸೂಚಿಸಿದ್ದ ಒಂದು ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂದಕ್ಕೆ ಪಡೆಯಿತು. ದಡಾರದ ಲಸಿಕೆ ತಪ್ಪಿಸಿದರೆ ಮಗುವಿಗೆ ದಡಾರದ ಅಪಾಯ ಮಾತ್ರ ಹೆಚ್ಚುತ್ತದೆ.

ಕಾಯದೆ ತೋರಿಸಬೇಕಾದ ಲಕ್ಷಣಗಳು

1. ಒಂದು ವರ್ಷ ಆದರೂ ಹೆಸರು ಕರೆದರೆ ನೋಡದಿರುವುದು, ಟಾಟಾ ಮಾಡದಿರುವುದು, ತೊದಲು ಮಾತು ಇಲ್ಲದಿರುವುದು.
2. ಒಂದೂವರೆ ವರ್ಷಕ್ಕೂ ಬೆರಳು ತೋರಿಸದಿರುವುದು. ಕಾಗೆಯನ್ನೋ ದನವನ್ನೋ ಕಂಡಾಗ "ನೋಡು" ಎಂಬಂತೆ ಬೆರಳು ಚಾಚಿ ನಮ್ಮ ಮುಖ ನೋಡುವುದು ಮಕ್ಕಳ ಸಹಜ ಗುಣ. ನಮ್ಮ ಮಗ ಹಾಗೆ ಮಾಡಲಿಲ್ಲ. ನೀರು ಬೇಕಾದರೆ ನನ್ನ ಕೈ ಹಿಡಿದೆಳೆದು ಹೂಜಿಯ ಮೇಲೆ ಇಡುತ್ತಿದ್ದ.
3. ಎರಡು ವರ್ಷಕ್ಕೆ ಎರಡು ಶಬ್ದ ಜೋಡಿಸಿ ಮಾತಾಡದಿರುವುದು.
4. ಯಾವ ವಯಸ್ಸಿನಲ್ಲಾದರೂ ಬಂದ ಮಾತು ನಿಂತುಹೋಗುವುದು.

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಆಟಿಸಂ ಎಂದು ಅರ್ಥವಲ್ಲ. ಆದರೆ ಪರೀಕ್ಷೆ ಮಾಡಿಸಲು ಒಂದೇ ಸಾಕು. ಬಿಸ್ಕತ್ತಿನ ಸದ್ದಿಗೆ ಓಡಿ ಬಂದರೂ ಮೊದಲು ಕಿವಿಯ ಪರೀಕ್ಷೆ ಆಗಲೇಬೇಕು. ಅಂಗನವಾಡಿ ಶಿಕ್ಷಕಿ, ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಮಕ್ಕಳಿಗಾಗಿ ಜಿಲ್ಲಾ ಮಟ್ಟದಲ್ಲಿ ಕೇಂದ್ರಗಳಿವೆ. ಕನ್ನಡದಲ್ಲಿ ಮಾತು ಕಲಿಸುವ ಸಲಹೆ ಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಭ್ಯಾಸ ಆರಂಭಿಸಲು ಸರ್ಟಿಫಿಕೇಟು ಬರಲೆಂದು ಕಾಯಬೇಕಾಗಿಲ್ಲ.

ಯಾವ ಭಾಷೆಯಲ್ಲಿ ಮಾತಾಡಿಸಬೇಕು?

ಗಡಿನಾಡಿನವರಾದ ನಮಗೆ ಇದು ದೊಡ್ಡ ಪ್ರಶ್ನೆ. ಮನೆಯಲ್ಲಿ ಕೊಂಕಣಿ, ನೆರೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಇಷ್ಟು ಭಾಷೆ ಕಿವಿಗೆ ಬಿದ್ದದ್ದರಿಂದಲೇ ಮಗು ಮಾತಾಡುವುದಿಲ್ಲ ಎಂದು ನಮಗೂ ಕೆಲವರು ಹೇಳಿದರು. ಅದು ನಿಜವಲ್ಲ. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದೂ ಇಲ್ಲ, ಹೆಚ್ಚುವುದೂ ಇಲ್ಲ. ನಿಮ್ಮ ಬಾಯಿಗೆ ಸಹಜವಾಗಿ ಬರುವ ಭಾಷೆಯಲ್ಲೇ ಮಗುವಿನೊಡನೆ ಮಾತಾಡಿರಿ. ಚಿಕಿತ್ಸೆ ಕೊಡುವವರು ಬೇರೆ ಭಾಷೆಯವರಾದರೆ, ಮನೆಯಲ್ಲಿ ನೀರಿಗೆ, ಊಟಕ್ಕೆ, ಸಾಕು ಎನ್ನುವುದಕ್ಕೆ ಏನು ಹೇಳುತ್ತೀರೆಂದು ಬರೆದು ಕೊಡಿರಿ.

ದಿನದ ಕೆಲಸವೇ ಪಾಠ

ವಾರಕ್ಕೆ ಒಂದೋ ಎರಡೋ ಗಂಟೆ ಚಿಕಿತ್ಸೆ. ಉಳಿದ ಹೊತ್ತು ಮಗು ನಮ್ಮ ಹತ್ತಿರವೇ. ಆದುದರಿಂದ ನಿಜವಾದ ಅಭ್ಯಾಸ ಆಗುವುದು ಬಚ್ಚಲಿನಲ್ಲಿ, ಊಟದ ಹೊತ್ತಿನಲ್ಲಿ, ಅಂಗಳದಲ್ಲಿ. ನಮಗೂ, ಚಿಕಿತ್ಸೆಯ ದಿನ ಬೆಂಚಿನಲ್ಲಿ ಜೊತೆಗೆ ಕುಳಿತ ಇತರ ತಾಯಂದಿರಿಗೂ ಪ್ರಯೋಜನವಾದ ಕೆಲವು ಕ್ರಮಗಳು ಹೀಗಿವೆ:

ಮಾತು: ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತು ಒಂದೆರಡು ಶಬ್ದ ಮಾತ್ರ ಹೇಳಿರಿ: "ನೀರು ಬೇಕು." ಅನಂತರ ಮನಸ್ಸಿನಲ್ಲಿ ಹತ್ತರ ವರೆಗೆ ಎಣಿಸುತ್ತಾ ಕಾಯಿರಿ. ಕೈಸನ್ನೆ ಮಾಡಿದರೂ, ಚಿತ್ರ ತೋರಿಸಿದರೂ ಅದನ್ನು ಮಾತು ಎಂದೇ ತಿಳಿದು ನೀರು ಕೊಡಿರಿ. ಚಿತ್ರ ತೋರಿಸಿ ಕೇಳಲು ಕಲಿತರೆ ಮಾತು ನಿಂತುಹೋಗುತ್ತದೆ ಎಂಬುದು ತಪ್ಪು ತಿಳುವಳಿಕೆ.

ದಿನಚರಿ: ಹಲ್ಲುಜ್ಜುವುದು, ಸ್ನಾನ, ಗಂಜಿ, ಆಟ, ನಿದ್ದೆ ಇವುಗಳ ಚಿತ್ರಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿ ಗೋಡೆಗೆ ತೂಗುಹಾಕಿರಿ. ಮುಂದೇನು ಎಂದು ತಿಳಿದರೆ ಮಗುವಿನ ಹೆದರಿಕೆ ಕಡಿಮೆಯಾಗುತ್ತದೆ. "ಮೊದಲು ಅಂಗಿ, ಮತ್ತೆ ಉಯ್ಯಾಲೆ" ಎಂದು ಹೇಳುವುದೂ ಒಳ್ಳೆಯದು.

ಕಲಿಸುವುದು: ಚಡ್ಡಿ ಹಾಕಲು ಕಲಿಸುವಾಗ ಕೊನೆಯ ಹಂತದಿಂದ ಆರಂಭಿಸಿರಿ. ಮೊಣಕಾಲಿನ ತನಕ ನೀವು ಏರಿಸಿ, ಉಳಿದದ್ದನ್ನು ಅವನೇ ಎಳೆಯಲಿ. ಕೆಲಸ ಮುಗಿಸಿದ ಸಂತೋಷ ಅವನಿಗೇ ಸಿಗುತ್ತದೆ. ಅದು ಬಂದ ಮೇಲೆ ಅದಕ್ಕಿಂತ ಒಂದು ಹಂತ ಮೊದಲು ನಿಲ್ಲಿಸಿರಿ.

ಊಟ: ನಮ್ಮವನು ಬಹುಕಾಲ ಗಂಜಿ ಮತ್ತು ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಇದು ಹಟವಲ್ಲ, ಪದಾರ್ಥದ ವಾಸನೆ, ಮೃದು-ಗಟ್ಟಿತನ ಅವರಿಗೆ ತೊಂದರೆ ಕೊಡುತ್ತದೆ. ಬಾಯಿಗೆ ತುರುಕಬೇಡಿರಿ. ಒಪ್ಪಿದ ಊಟದ ಪಕ್ಕದಲ್ಲಿ ಹೊಸದನ್ನು ಚೂರು ಇಟ್ಟು, ಮುಟ್ಟಿದರೂ ಸಾಕೆಂದು ಬಿಡಿರಿ. ತೂಕ ಇಳಿದರೆ ವೈದ್ಯರಿಗೆ ತೋರಿಸಿರಿ.

ಸದ್ದು: ಮಿಕ್ಸಿ, ಕುಕ್ಕರಿನ ಸೀಟಿ, ಹಬ್ಬದ ಗರ್ನಾಲು, ಮದುವೆ ಹಾಲಿನ ಧ್ವನಿವರ್ಧಕ ಇವು ಕೆಲವು ಮಕ್ಕಳಿಗೆ ನೋವನ್ನೇ ಉಂಟುಮಾಡುತ್ತವೆ. ಮೊದಲೇ ತಿಳಿಸಿರಿ, ಕಿವಿ ಮುಚ್ಚುವ ಸಾಧನ ಕೊಡಿರಿ, ಬಾಗಿಲ ಬಳಿ ಕುಳಿತುಕೊಳ್ಳಿರಿ. ಮಗು ಕಂಗಾಲಾಗಿ ಕಿರುಚಿ ಹೊರಳಾಡುವಾಗ ಬೈಗುಳ, ಪೆಟ್ಟು, ಉಪದೇಶ ಯಾವುದೂ ಬೇಡ. ಮಾತು ನಿಲ್ಲಿಸಿ ಸದ್ದಿಲ್ಲದ ಜಾಗಕ್ಕೆ ಕರೆದೊಯ್ದು ಹತ್ತಿರ ಇರಿ.

ಕೃಷಿಕರ ಮನೆಗಳಲ್ಲಿ ವಿಶೇಷ ಎಚ್ಚರ

ಇದನ್ನು ದಯವಿಟ್ಟು ಎರಡು ಸಲ ಓದಿರಿ. ಆಟಿಸಂ ಇರುವ ಅನೇಕ ಮಕ್ಕಳು ಹೇಳದೆ ಕೇಳದೆ ಹೊರಟುಹೋಗುತ್ತಾರೆ. ಹಲವರಿಗೆ ನೀರೆಂದರೆ ಬಹಳ ಇಷ್ಟ. ನೀರಿಗೆ ಬಿದ್ದು ಸಾಯುವ ಅಪಾಯ ಈ ಮಕ್ಕಳಿಗೆ ಇತರ ಮಕ್ಕಳಿಗಿಂತ ಹೆಚ್ಚು. ನಮ್ಮ ಕಡೆ ಅಂಗಳದಲ್ಲೇ ಬಾವಿ, ತೋಟದಲ್ಲಿ ಕೆರೆ, ಗುಡ್ಡದ ಬುಡದಲ್ಲಿ ಸುರಂಗ, ಮಳೆಗಾಲದಲ್ಲಿ ತುಂಬಿ ಹರಿಯುವ ತೋಡು. ಕರೆದರೆ ಓಗೊಡದ ಮಗುವನ್ನು ಹುಡುಕುವುದು ಸುಲಭವಲ್ಲ. ಆದುದರಿಂದ:

- ಬಾವಿಗೆ ಎದೆಮಟ್ಟದ ಕಟ್ಟೆ, ಮೇಲೆ ಕಬ್ಬಿಣದ ಬಲೆ ಇರಲಿ. ಕೆರೆಗೆ ಬೇಲಿ, ಬೇಲಿಯ ಬಾಗಿಲಿಗೆ ಬೀಗ ಇರಲಿ.
- ಮನೆಯ ಬಾಗಿಲಿಗೆ ಮಗುವಿಗೆ ಎಟುಕದ ಎತ್ತರದಲ್ಲಿ ಚಿಲಕ ಹಾಕಿಸಿ, ಬಾಗಿಲಿಗೆ ಒಂದು ಗಂಟೆ ಕಟ್ಟಿರಿ.
- ಮಗು ಕಾಣದಿದ್ದರೆ ಮೊದಲು ನೀರಿರುವ ಜಾಗಕ್ಕೆ ಓಡಿರಿ, ಆಮೇಲೆ ಉಳಿದ ಕಡೆ. ನೆರೆಯವರಿಗೂ ಇದನ್ನು ಮೊದಲೇ ಹೇಳಿಡಿರಿ.
- ಕೆಲವು ಮಕ್ಕಳು ಮಣ್ಣು, ಸುಣ್ಣ, ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕುತ್ತಾರೆ. ಅಡಿಕೆಗೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತು ಹೊಳೆಯುವ ನೀಲಿ ಹರಳು. ಮಗುವಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ, ಆದರೆ ವಿಷ. ಅದನ್ನೂ ಇತರ ಔಷಧಿಗಳನ್ನೂ ಬೀಗದೊಳಗೆ ಇಡಿರಿ.

ಮೋಸ ಹೋಗಬೇಡಿರಿ

ಆಟಿಸಂ ಅನ್ನು ಪೂರ್ತಿ ಹೋಗಲಾಡಿಸುವ ಮದ್ದು ಇಲ್ಲ. ಸ್ಟೆಮ್ ಸೆಲ್ ಚುಚ್ಚುಮದ್ದು, ರಕ್ತದಿಂದ ಲೋಹ ತೆಗೆಯುವ ಚಿಕಿತ್ಸೆ ಇವುಗಳಿಂದ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಅಪಾಯವುಂಟು. ತೋಟ ಅಡವಿಟ್ಟು ಅಂಥದಕ್ಕೆ ಹಣ ಸುರಿಯಬೇಡಿರಿ. ನ್ಯಾಯವಾಗಿ ಸಿಗುವುದನ್ನು ಕೇಳಿ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಶೇಕಡಾ 40 ಅಥವಾ ಹೆಚ್ಚೆಂದು ಸರ್ಟಿಫಿಕೇಟು ದೊರೆತ ಮಗುವಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕಿದೆ.

ನೆರೆಹೊರೆಯವರಿಗೆ ಒಂದು ಮಾತು

ಇಂಥ ಮನೆಯ ತಾಯಿಗೆ ನಿದ್ದೆ ಕಡಿಮೆ, ಹೊರಗೆ ಹೋಗುವುದು ಇನ್ನೂ ಕಡಿಮೆ. "ಮಗುವಿಗೆ ಬುದ್ಧಿ ಕಲಿಸಬಾರದೇ?" ಎಂದು ಕೇಳುವ ಬದಲು, "ಅರ್ಧ ಗಂಟೆ ನಾನು ನೋಡಿಕೊಳ್ಳುತ್ತೇನೆ, ನೀನು ಮಲಗಿಕೋ" ಎನ್ನಿರಿ. ಮನೆಯ ಇತರ ಮಕ್ಕಳಿಗೂ ತಾಯಿ-ತಂದೆಯರ ಸಮಯ ಸಿಗಲಿ. ಮನೆಯಲ್ಲಿ ಹಬ್ಬವಿದ್ದರೆ ಆ ಮಗುವನ್ನೂ ಕರೆಯಿರಿ. ಬೇಗ ಹೊರಟರೆ ಬೇಸರಿಸಬೇಡಿರಿ.

ನಮ್ಮವನಿಗೆ ಈಗ ಏಳು ವರ್ಷ. ಹೆಚ್ಚು ಮಾತಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಒಂದು ದಿನ ಅಂಗಳಕ್ಕೆ ಬಂದ ನವಿಲನ್ನು ಬೆರಳು ಚಾಚಿ ತೋರಿಸಿ ನನ್ನ ಮುಖ ನೋಡಿದ. ಇತರ ಮಕ್ಕಳು ಒಂದೂವರೆ ವರ್ಷದೊಳಗೆ ಮಾಡುವುದನ್ನು ಅವನು ಆರು ದಾಟಿದ ಮೇಲೆ ಮಾಡಿದ. ತಡವಾದರೂ ಮಕ್ಕಳು ಕಲಿಯುತ್ತಾರೆ. ನಾವು ಆರಂಭಿಸುವುದು ಮಾತ್ರ ತಡವಾಗದಿರಲಿ.