ಕ್ರಿಯಾತ್ಮಕ ಜಾಲಪುಟಗಳಿಗೆ ಪ್ರೋಗ್ರಾಮಿಂಗ್ ಭಾಷೆಯ ಆಯ್ಕೆ

ಬಳಕೆದಾರನು ಕೋರಿದ ಕ್ಷಣದಲ್ಲಿ ಸರ್ವರ್‌ನಲ್ಲಿ ರಚನೆಗೊಂಡು ಬ್ರೌಸರ್‌ಗೆ ರವಾನೆಯಾಗುವ ಪುಟವನ್ನು ಕ್ರಿಯಾತ್ಮಕ ಜಾಲಪುಟ ಅಥವಾ ಡೈನಮಿಕ್ ಪುಟ ಎನ್ನುತ್ತಾರೆ. ಪರೀಕ್ಷಾ ಫಲಿತಾಂಶ, ರೈಲು ಟಿಕೆಟ್ ಕಾಯ್ದಿರಿಸುವಿಕೆ, ಬ್ಯಾಂಕ್ ಖಾತೆಯ ವಿವರ ಮೊದಲಾದವನ್ನು ತೋರಿಸುವ ಪುಟಗಳು ಈ ಬಗೆಯವು. ಸ್ಥಿರ ಪುಟವು ಕಡತವೊಂದರಲ್ಲಿ ಮೊದಲೇ ಬರೆದಿಟ್ಟ ಎಚ್‌ಟಿಎಂಎಲ್ ಆಗಿದ್ದರೆ, ಕ್ರಿಯಾತ್ಮಕ ಪುಟವನ್ನು ಒಂದು ಪ್ರೋಗ್ರಾಂ ದತ್ತಸಂಚಯದಿಂದ ಮಾಹಿತಿ ಪಡೆದು ಹೊಸದಾಗಿ ಕಟ್ಟುತ್ತದೆ. ಈ ಪ್ರೋಗ್ರಾಮನ್ನು ಪಿಎಚ್‌ಪಿ, ಪೈಥಾನ್, ಜಾವಾ, ರೂಬಿ, ಸಿ ಶಾರ್ಪ್, ಜಾವಾಸ್ಕ್ರಿಪ್ಟ್, ಗೋ ಮುಂತಾದ ಭಾಷೆಗಳಲ್ಲಿ ಬರೆಯಬಹುದು. ಒಂದರಲ್ಲಿ ಸಾಧ್ಯವಾದುದು ಬಹುಮಟ್ಟಿಗೆ ಉಳಿದವುಗಳಲ್ಲಿಯೂ ಸಾಧ್ಯ. ಆದುದರಿಂದ ಆಯ್ಕೆಯನ್ನು ನಿರ್ಧರಿಸುವುದು ಭಾಷೆಯ ವ್ಯಾಕರಣದ ಸೊಗಸಿಗಿಂತ ಹೆಚ್ಚಾಗಿ ಪ್ರೋಗ್ರಾಂ ಸರ್ವರ್‌ನಲ್ಲಿ ನಡೆಯುವ ಬಗೆ, ಪಠ್ಯದ ನಿರ್ವಹಣೆ, ಸುರಕ್ಷತೆ ಹಾಗೂ ತಾಣದ ಬಾಳಿಕೆ.

ಹಿನ್ನೆಲೆ

1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯಲ್ಲಿ ರೂಪುಗೊಂಡ ಸಿಜಿಐ ಎಂಬ ಏರ್ಪಾಡಿನಿಂದ ಜಾಲ ಸರ್ವರ್ ಹೊರಗಿನ ಪ್ರೋಗ್ರಾಮೊಂದನ್ನು ನಡೆಸಿ ಅದರ ಉತ್ತರವನ್ನು ಬ್ರೌಸರ್‌ಗೆ ಕಳುಹಿಸುವುದು ಸಾಧ್ಯವಾಯಿತು. ಆ ದಿನಗಳಲ್ಲಿ ಇದಕ್ಕೆ ಹೆಚ್ಚಾಗಿ ಬಳಕೆಯಾದುದು ಪರ್ಲ್. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತಮ್ಮ ವೈಯಕ್ತಿಕ ಪುಟಕ್ಕೆಂದು ಬರೆದುಕೊಂಡಿದ್ದ ಉಪಕರಣಗಳನ್ನು ಬಿಡುಗಡೆ ಮಾಡಿದರು. ಅವೇ ಮುಂದೆ ಪಿಎಚ್‌ಪಿ ಭಾಷೆಯಾಗಿ ಬೆಳೆದವು. ಮೈಕ್ರೋಸಾಫ್ಟ್‌ನ ಎಎಸ್‌ಪಿ 1996ರಲ್ಲಿ, ಸನ್ ಮೈಕ್ರೋಸಿಸ್ಟಮ್ಸ್‌ನ ಜೆಎಸ್‌ಪಿ 1999ರಲ್ಲಿ ಬಂದವು. ರೂಬಿಯ ರೇಲ್ಸ್ (2004) ಮತ್ತು ಪೈಥಾನಿನ ಜಾಂಗೋ (2005) ಚೌಕಟ್ಟುಗಳ ನಂತರ ಭಾಷೆಯ ಜೊತೆಗೆ ಚೌಕಟ್ಟನ್ನೂ ಆರಿಸಿಕೊಳ್ಳುವುದು ರೂಢಿಯಾಯಿತು. ಜಾಂಗೋ ಹುಟ್ಟಿದ್ದು ಕ್ಯಾನ್ಸಸ್‌ನ ಲಾರೆನ್ಸ್ ಪಟ್ಟಣದ ದಿನಪತ್ರಿಕೆಯೊಂದರ ಕಚೇರಿಯಲ್ಲಿ. ಬ್ರೌಸರ್‌ಗೆ ಸೀಮಿತವೆಂಬಂತಿದ್ದ ಜಾವಾಸ್ಕ್ರಿಪ್ಟ್ 2009ರಲ್ಲಿ ರಯನ್ ಡಾಲ್ ರೂಪಿಸಿದ ನೋಡ್ ಮೂಲಕ ಸರ್ವರ್‌ನಲ್ಲಿಯೂ ವ್ಯಾಪಕ ಬಳಕೆಗೆ ಬಂದಿತು.

ಸರ್ವರ್‌ನಲ್ಲಿ ನಡೆಯುವ ಬಗೆ

ಸಿಜಿಐ ಪದ್ಧತಿಯಲ್ಲಿ ಪ್ರತಿ ಕೋರಿಕೆಗೂ ಹೊಸ ಪ್ರೋಗ್ರಾಂ ಆರಂಭವಾಗಿ ಮುಗಿಯುತ್ತಿತ್ತು. ಓದುಗರು ಹೆಚ್ಚಿದಂತೆ ಸರ್ವರ್ ಬಳಲುತ್ತಿತ್ತು. ಪಿಎಚ್‌ಪಿಯು ಅಪಾಚೆ ಸರ್ವರ್‌ನ ಒಳಗೇ ಸೇರಿಕೊಂಡು ಈ ಹೊರೆಯನ್ನು ತಗ್ಗಿಸಿತು. ಆದರೆ ಪ್ರತಿ ಕೋರಿಕೆ ಮುಗಿದೊಡನೆ ಅದರ ಚರಾಂಶಗಳನ್ನೆಲ್ಲ ಅಳಿಸಿಹಾಕುವ ಗುಣವನ್ನು ಉಳಿಸಿಕೊಂಡಿತು. ಇದರಿಂದ ಒಬ್ಬ ಬಳಕೆದಾರನ ಮಾಹಿತಿ ಮತ್ತೊಬ್ಬನ ಪುಟದೊಳಗೆ ನುಸುಳುವ ಅಪಾಯ ಕಡಿಮೆ. ಕಡತಗಳನ್ನು ಸರ್ವರ್‌ಗೆ ನಕಲಿಸಿದರೆ ತಾಣ ಸಿದ್ಧ. ಒಂದೇ ಯಂತ್ರದಲ್ಲಿ ನೂರಾರು ಸಣ್ಣ ತಾಣಗಳನ್ನು ಇರಿಸುವ ಅಗ್ಗದ ಹೋಸ್ಟಿಂಗ್ ಸೇವೆಗಳು ಪಿಎಚ್‌ಪಿಯನ್ನು ಮೆಚ್ಚಿದ್ದು ಬಹುಪಾಲು ಈ ಕಾರಣಕ್ಕೇ.

ಜಾವಾ ಹಾಗೂ ಸಿ ಶಾರ್ಪ್ ತಾಣಗಳಲ್ಲಿ ಪ್ರೋಗ್ರಾಂ ಒಮ್ಮೆ ಆರಂಭವಾದರೆ ಸ್ಮೃತಿಯಲ್ಲಿಯೇ ಉಳಿದು ಅನೇಕ ಎಳೆಗಳ ಮೂಲಕ ಕೋರಿಕೆಗಳನ್ನು ಪೂರೈಸುತ್ತದೆ. ವೇಗ ಹೆಚ್ಚು, ಜೊತೆಗೆ, ಎಲ್ಲ ಎಳೆಗಳೂ ಹಂಚಿಕೊಳ್ಳುವ ಚರಾಂಶಗಳ ಬಗ್ಗೆ ಎಚ್ಚರವೂ ಹೆಚ್ಚು ಬೇಕು. ನೋಡ್‌ನದು ಮೂರನೆಯ ದಾರಿ. ಅಲ್ಲಿ ಜಾವಾಸ್ಕ್ರಿಪ್ಟ್ ಒಂದೇ ಎಳೆಯಲ್ಲಿ ನಡೆಯುತ್ತದೆ. ದತ್ತಸಂಚಯದ ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ಅದು ಬೇರೆಯವರ ಕೋರಿಕೆಯನ್ನು ಕೈಗೆತ್ತಿಕೊಳ್ಳುತ್ತದೆ. ಸಂದೇಶ ವಿನಿಮಯದಂತಹ ತಾಣಗಳಿಗೆ ಇದು ಒಪ್ಪುತ್ತದೆ. ಆದರೆ ಒಂದು ಲೆಕ್ಕಾಚಾರಕ್ಕೆ ಒಂದು ಸೆಕೆಂಡ್ ಹಿಡಿದರೆ, ಅದನ್ನು ಪ್ರತ್ಯೇಕ ಎಳೆಗೆ ವಹಿಸದ ಹೊರತು, ಉಳಿದವರೆಲ್ಲರೂ ಆ ಸೆಕೆಂಡ್ ಕಾಯಲೇಬೇಕು. ಸಾಮಾನ್ಯ ತಾಣಗಳಲ್ಲಿ ಕಾಲ ಹೆಚ್ಚಾಗಿ ವ್ಯಯವಾಗುವುದು ದತ್ತಸಂಚಯದಲ್ಲಿ. ಹೀಗಾಗಿ ಭಾಷೆಗಳ ವೇಗವನ್ನು ಹೋಲಿಸುವ ಪಟ್ಟಿಗಳನ್ನೇ ನಂಬಿ ಮಾಡಿದ ಆಯ್ಕೆ ಅಪರೂಪಕ್ಕೆ ಮಾತ್ರ ಫಲ ನೀಡುತ್ತದೆ.

ಪಠ್ಯ ನಿರ್ವಹಣೆ ಮತ್ತು ಕನ್ನಡ

ಇಂಗ್ಲಿಷ್ ತಾಣಗಳಲ್ಲಿ ಕಾಣಿಸದ ವ್ಯತ್ಯಾಸವೊಂದು ಕನ್ನಡ ತಾಣಗಳಲ್ಲಿ ಎದ್ದು ಕಾಣುತ್ತದೆ. ಯುನಿಕೋಡ್‌ನಲ್ಲಿ ‘ಕನ್ನಡ’ ಎಂಬ ಪದವು ಕ, ನ, ವಿರಾಮ ಚಿಹ್ನೆ, ನ, ಡ ಎಂಬ 5 ಸಂಕೇತಗಳಿಂದ ಆಗಿದೆ. ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಪದದ ಅಳತೆ 15 ಬೈಟ್. ಓದುಗನ ಕಣ್ಣಿಗೆ ಅದು ಮೂರಕ್ಷರ. ಇದರ ಉದ್ದವನ್ನು ಕೇಳಿದರೆ ಪಿಎಚ್‌ಪಿಯ ಮೂಲ ಕಾರ್ಯವೂ ಗೋ ಭಾಷೆಯೂ 15 ಎನ್ನುತ್ತವೆ. ಪೈಥಾನ್ 3, ರೂಬಿ, ಜಾವಾ, ಜಾವಾಸ್ಕ್ರಿಪ್ಟ್‌ಗಳು 5 ಎನ್ನುತ್ತವೆ. ಸುದ್ದಿ ಶೀರ್ಷಿಕೆಯನ್ನು 50 ಬೈಟ್‌ಗಳಿಗೆ ಕತ್ತರಿಸಿದರೆ 16 ಸಂಕೇತಗಳು ಉಳಿದು ಹದಿನೇಳನೆಯದು ತುಂಡಾಗುತ್ತದೆ, ಆ ಸ್ಥಳದಲ್ಲಿ ಅರ್ಥವಿಲ್ಲದ ಚಿಹ್ನೆ ಮೂಡುತ್ತದೆ. ಪಿಎಚ್‌ಪಿಯಲ್ಲಿ ಎಂಬಿ-ಸ್ಟ್ರಿಂಗ್ ವಿಸ್ತರಣೆಯ ಕಾರ್ಯಗಳನ್ನು ಬಳಸಿದರೆ ಈ ದೋಷ ತಪ್ಪುತ್ತದೆ. ಸಂಕೇತಗಳನ್ನು ಎಣಿಸಿದ ಮಾತ್ರಕ್ಕೂ ಸಮಸ್ಯೆ ಪೂರ್ಣ ಪರಿಹಾರವಾಗದು: ‘ಕನ್ನಡ’ವನ್ನು 3 ಸಂಕೇತಗಳಿಗೆ ಮೊಟಕುಗೊಳಿಸಿದರೆ ‘ಕನ್’ ಉಳಿದು ಒತ್ತಕ್ಷರ ಮುರಿಯುತ್ತದೆ.

ಅಕಾರಾದಿ ಕ್ರಮದಲ್ಲಿಯೂ ತೊಡಕಿದೆ. ಯುನಿಕೋಡ್ ಕೋಷ್ಟಕದಲ್ಲಿ ಳಕಾರವು ಲಕಾರದ ಬೆನ್ನಿಗೇ ಬರುತ್ತದೆ, ಕನ್ನಡ ವರ್ಣಮಾಲೆಯಲ್ಲಾದರೋ ಹಕಾರದ ನಂತರ. ಸಂಕೇತಗಳ ಕ್ರಮದಲ್ಲಿ ಜೋಡಿಸುವ ಸಾಮಾನ್ಯ ವಿಂಗಡಣೆಯು ‘ಬಳೆ’ಯನ್ನು ‘ಬಸವ’ನಿಗಿಂತ ಮೊದಲು ಇರಿಸುತ್ತದೆ. ನಿಘಂಟನ್ನೋ ಗ್ರಂಥಸೂಚಿಯನ್ನೋ ರೂಪಿಸುವವರು ಭಾಷಾನುಗುಣ ವಿಂಗಡಣೆಗೆ ಐಸಿಯು ಎಂಬ ತಂತ್ರಾಂಶ ಸಂಗ್ರಹವನ್ನು ಅವಲಂಬಿಸಬೇಕಾಗುತ್ತದೆ. ಅದು ಪಿಎಚ್‌ಪಿಗೆ ಇಂಟ್ಲ್ ವಿಸ್ತರಣೆಯಾಗಿ, ಪೈಥಾನ್‌ಗೆ ಪೈಐಸಿಯು ಎಂಬ ಪ್ರತ್ಯೇಕ ಘಟಕವಾಗಿ ದೊರೆಯುತ್ತದೆ.

ಸುರಕ್ಷತೆ

ಬಳಕೆದಾರನು ತುಂಬಿದ ಮಾತನ್ನು ಎಸ್‌ಕ್ಯುಎಲ್ ಆದೇಶಕ್ಕೆ ನೇರವಾಗಿ ಜೋಡಿಸಿದರೆ ಯಾವ ಭಾಷೆಯಲ್ಲಾದರೂ ದತ್ತಸಂಚಯ ಪರರ ಕೈಸೇರಬಹುದು. ಭಾಷೆಗಳು ಬೇರೆಯಾಗುವುದು ಅವು ಮೊದಲೇ ಹಾಕಿಕೊಟ್ಟ ರೂಢಿಗಳಲ್ಲಿ. ಪಿಎಚ್‌ಪಿಯ ಹಳೆಯ ಆವೃತ್ತಿಗಳು ಜಾಲವಿಳಾಸದಲ್ಲಿನ ಮೌಲ್ಯಗಳನ್ನು ತಾವಾಗಿಯೇ ಚರಾಂಶಗಳನ್ನಾಗಿ ಮಾಡುತ್ತಿದ್ದವು. ಈ ಸೌಲಭ್ಯವನ್ನು 2002ರ 4.2 ಆವೃತ್ತಿಯಲ್ಲಿ ಪೂರ್ವನಿಯೋಜಿತವಾಗಿ ನಿಲ್ಲಿಸಿ, 2012ರ 5.4ರಲ್ಲಿ ತೆಗೆದುಹಾಕಲಾಯಿತು. ಜಾಂಗೋದ ಪುಟವಿನ್ಯಾಸಗಳು ಹೊರಗಿನಿಂದ ಬಂದ ಎಚ್‌ಟಿಎಂಎಲ್ ಚಿಹ್ನೆಗಳನ್ನು ತಾವೇ ನಿರಪಾಯಗೊಳಿಸುತ್ತವೆ. ಬರಿಯ ಪಿಎಚ್‌ಪಿಯಲ್ಲಿ ಬರೆಯುವವನು ಅದನ್ನು ಪ್ರತಿ ಸಲವೂ ನೆನಪಿಟ್ಟು ಮಾಡಬೇಕು. ಅನುಭವ ಕಡಿಮೆ ಇರುವ ತಂಡಕ್ಕೆ ಚೌಕಟ್ಟಿನ ಆಸರೆ ಅಗತ್ಯವೆನಿಸುವುದು ಇಲ್ಲಿಯೇ.

ಬಾಳಿಕೆ

ತಾಣವೊಂದು ಬೆಳೆದ ಮೇಲೆ ಅದರ ಭಾಷೆಯನ್ನು ಬದಲಿಸುವುದು ದುಬಾರಿ. ವಿಕಿಪೀಡಿಯ 2001ರಲ್ಲಿ ಪರ್ಲ್‌ನಲ್ಲಿ ಬರೆದ ಯೂಸ್‌ಮಾಡ್‌ವಿಕಿ ತಂತ್ರಾಂಶದೊಂದಿಗೆ ಆರಂಭವಾಗಿ, ಇನ್ನೂ ಚಿಕ್ಕದಿದ್ದಾಗಲೇ 2002ರಲ್ಲಿ ಪಿಎಚ್‌ಪಿಗೆ ಬದಲಾಯಿತು. ಮುಂದೆ ಮೀಡಿಯಾವಿಕಿ ಎಂದು ಹೆಸರಾದ ಆ ತಂತ್ರಾಂಶದ ಮೇಲೆಯೇ ಕನ್ನಡ ವಿಕಿಪೀಡಿಯವೂ ನಡೆಯುತ್ತಿದೆ. ಫೇಸ್‌ಬುಕ್‌ಗೆ ಅಂತಹ ಅವಕಾಶವಿರಲಿಲ್ಲ. 2004ರಿಂದ ಪಿಎಚ್‌ಪಿಯಲ್ಲಿ ಬೆಳೆದಿದ್ದ ಅದು ಭಾಷೆಯನ್ನು ಕೈಬಿಡುವ ಬದಲು ಪಿಎಚ್‌ಪಿಯನ್ನು ಸಿ++ಗೆ ಪರಿವರ್ತಿಸುವ ಹಿಪ್‌ಹಾಪ್ ಉಪಕರಣವನ್ನು 2010ರಲ್ಲಿಯೂ, ಪಿಎಚ್‌ಪಿಯಿಂದಲೇ ಕವಲೊಡೆದ ಹ್ಯಾಕ್ ಭಾಷೆಯನ್ನು 2014ರಲ್ಲಿಯೂ ಹೊರತಂದಿತು.

ಭಾಷೆಯೊಳಗಿನ ಆವೃತ್ತಿ ಬದಲಾವಣೆಯೂ ಸುಲಭವಲ್ಲ. ಪೈಥಾನ್ 3 ಬಂದದ್ದು 2008ರಲ್ಲಿ. ಪೈಥಾನ್ 2ರ ಬೆಂಬಲ ಕೊನೆಗೊಂಡದ್ದು 2020ರ ಜನವರಿ 1ರಂದು. ಪಿಎಚ್‌ಪಿ 7 (2015) ಹಳೆಯ ಮೈಎಸ್‌ಕ್ಯುಎಲ್ ಕಾರ್ಯಗಳನ್ನು ಕೈಬಿಟ್ಟಾಗ ಅವುಗಳನ್ನೇ ನೆಚ್ಚಿದ್ದ ತಾಣಗಳ ಪ್ರೋಗ್ರಾಮುಗಳನ್ನು ತಿದ್ದಬೇಕಾಯಿತು. ಬರೆದವರು ಬಿಟ್ಟುಹೋದ ತಾಣಗಳಲ್ಲಿ ಹೀಗೆ ತಿದ್ದಲು ಆ ಭಾಷೆ ಬಲ್ಲವರು ಸ್ಥಳೀಯವಾಗಿ ದೊರೆಯಬೇಕು. ಸಣ್ಣ ಸಂಸ್ಥೆಗಳ ಆಯ್ಕೆಯಲ್ಲಿ ಈ ಒಂದು ಅಂಶವು ಮೇಲಿನ ತಾಂತ್ರಿಕ ಗುಣಗಳನ್ನು ಹಲವು ವೇಳೆ ಹಿಂದಿಕ್ಕುತ್ತದೆ.