ಪುಟ್ಟ ಚಕ್ರಕ್ಕೆ ಉದ್ದ ಕಾಲೇಕೆ?

ಮಡಚುವ ಸೈಕಲ್ಲನ್ನು ಕಂಡವರಿಗೆಲ್ಲ ಮೊದಲು ಬರುವ ಅನುಮಾನ ಒಂದೇ: ಇಷ್ಟು ಪುಟ್ಟ ಚಕ್ರಕ್ಕೆ ಎಷ್ಟು ಸಲ ಪೆಡಲು ತುಳಿಯಬೇಕೋ! ಉತ್ತರ ಶಾಲೆಯ ಅನುಪಾತದ ಲೆಕ್ಕದಲ್ಲೇ ಇದೆ. ಚಕ್ರ 26 ಅಂಗುಲದ್ದು, ಮುಂದಿನ ಹಲ್ಲುಚಕ್ರಕ್ಕೆ 42 ಹಲ್ಲು, ಹಿಂದಿನದಕ್ಕೆ 16 ಎಂದಿಟ್ಟುಕೊಳ್ಳಿ. 26ನ್ನು 42ರಿಂದ ಗುಣಿಸಿ 16ರಿಂದ ಭಾಗಿಸಿದರೆ ಸುಮಾರು 68 ಬರುತ್ತದೆ. ಇನ್ನು 16 ಅಂಗುಲದ ಚಕ್ರಕ್ಕೆ ಮುಂದೆ 52, ಹಿಂದೆ 12 ಹಲ್ಲು ಹಾಕಿ ಇದೇ ಲೆಕ್ಕ ಮಾಡಿ. ಬರುವುದು ಸುಮಾರು 69. ಒಂದು ಸುತ್ತು ತುಳಿದರೆ ಎರಡೂ ಸೈಕಲ್ಲುಗಳು ಹೆಚ್ಚುಕಡಿಮೆ ಒಂದೇ ದೂರ ಹೋಗುತ್ತವೆ.

ಪುಟ್ಟ ಚಕ್ರ ಮಕ್ಕಳ ಆಟಕ್ಕಷ್ಟೇ ಅಲ್ಲವೆಂದು ಬ್ರಿಟನ್ನಿನ ಎಂಜಿನಿಯರ್ ಅಲೆಕ್ಸ್ ಮೌಲ್ಟನ್ 1962ರಲ್ಲೇ ತಮ್ಮ ಸೈಕಲ್ಲಿನಿಂದ ತೋರಿಸಿಕೊಟ್ಟಿದ್ದರು. ಹಲ್ಲುಗಳ ತೊಡಕು ಹೀಗೆ ಬಗೆಹರಿಯಿತು. ಆದರೆ ಚಕ್ರ ಚಿಕ್ಕದಾದಾಗ ಇನ್ನೊಂದು ತೊಡಕು ಹುಟ್ಟಿಕೊಳ್ಳುತ್ತದೆ. ಅದು ಹಿಂಬದಿಯ ಗೇರ್ ಬದಲಿಸುವ ಸಾಧನದ್ದು.

ಡಿರೇಲರ್ ಮಾಡುವ ಎರಡು ಕೆಲಸ

ಈ ಸಾಧನದ ಹೆಸರು ಡಿರೇಲರ್. ಫ್ರೆಂಚ್ ಮೂಲದ ಈ ಪದಕ್ಕೆ ಹಳಿ ತಪ್ಪಿಸುವುದು ಎಂದರ್ಥ. ಚೈನನ್ನು ಒಂದು ಹಲ್ಲುಚಕ್ರದಿಂದ ಪಕ್ಕದ್ದಕ್ಕೆ ತಳ್ಳುವುದು ಇದರ ಮೊದಲ ಕೆಲಸ. ದೊಡ್ಡ ಹಲ್ಲುಚಕ್ರದಿಂದ ಚಿಕ್ಕದಕ್ಕೆ ಬಂದಾಗ ಸಡಿಲಾಗುವ ಚೈನನ್ನು ಬಿಗಿಯಾಗಿ ಹಿಡಿಯುವುದು ಎರಡನೆಯ ಕೆಲಸ. ಈ ಎರಡನೆಯ ಕೆಲಸಕ್ಕಾಗಿ ಕೆಳಕ್ಕೆ ತೂಗುವ ಒಂದು ಕೇಜ್ ಇರುತ್ತದೆ. ಎರಡು ತೆಳು ಲೋಹದ ಪಟ್ಟಿಗಳು, ಅವುಗಳ ನಡುವೆ ಮೇಲೊಂದು ಕೆಳಗೊಂದು ಪುಟ್ಟ ಹಲ್ಲುಚಕ್ರ. ಸ್ಪ್ರಿಂಗು ಈ ಕೇಜನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಗಾದೆ. ಈ ಕೇಜಿನ ಪಾಡೂ ಅದೇ. ಉದ್ದ ಕೇಜಿನಲ್ಲಿ ಆ ಎರಡು ಪುಟ್ಟ ಚಕ್ರಗಳ ನಡುವಿನ ಅಂತರ ಸುಮಾರು 9.5 ಸೆಂ.ಮೀ. ಇರುತ್ತದೆ. ನೇರ ಕೆಳಕ್ಕೆ ತೂಗಿದಾಗ ಇಡೀ ಡಿರೇಲರ್ ಹಿಂಚಕ್ರದ ಅಚ್ಚಿನಿಂದ ಸುಮಾರು 18 ಸೆಂ.ಮೀ. ಕೆಳಗಿಳಿಯುತ್ತದೆ. 26 ಅಂಗುಲದ ಚಕ್ರದ ಅಚ್ಚು ನೆಲದಿಂದ ಸುಮಾರು 33 ಸೆಂ.ಮೀ. ಎತ್ತರದಲ್ಲಿರುವುದರಿಂದ ಅಲ್ಲಿ ಯಾವ ತೊಂದರೆಯೂ ಇಲ್ಲ. 16 ಅಂಗುಲದ ಚಕ್ರದಲ್ಲಿ ಅಚ್ಚಿನ ಎತ್ತರವೇ ಸುಮಾರು 20 ಸೆಂ.ಮೀ. ಉಳಿಯುವುದು ಎರಡು ಬೆರಳಿನಷ್ಟು ಜಾಗ. ರಸ್ತೆಯ ಉಬ್ಬು, ಮಳೆಗಾಲದ ಕೆಸರು, ಕಾಲುದಾರಿಯ ಒಂದು ಕಲ್ಲು, ಯಾವುದು ತಾಗಿದರೂ ಕೇಜು ಬಾಗುತ್ತದೆ. ಬಾಗಿದ ಕೇಜು ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡರೆ ಹಿಂಚಕ್ರ ತಟ್ಟನೆ ನಿಲ್ಲುತ್ತದೆ, ಸವಾರ ಬೀಳುತ್ತಾನೆ. ಭಯಪಡಬೇಕಾದದ್ದು ಇದಕ್ಕೆ.

ಉದ್ದ ಏತಕ್ಕಾಗಿ?

ಹಾಗಾದರೆ ಕೇಜನ್ನು ಅಷ್ಟು ಉದ್ದ ಮಾಡಿದ್ದಾದರೂ ಯಾಕೆ? ಬೆಟ್ಟ ಹತ್ತುವ ಸೈಕಲ್ಲಿಗೆ ಮುಂದೆ ಮೂರು ಹಲ್ಲುಚಕ್ರ ಇದ್ದ ಕಾಲದ ಲೆಕ್ಕ ನೋಡಿ. ಮುಂದೆ 22ರಿಂದ 42 ಹಲ್ಲು, ವ್ಯತ್ಯಾಸ 20. ಹಿಂದೆ 11ರಿಂದ 34, ವ್ಯತ್ಯಾಸ 23. ಒಟ್ಟು 43 ಹಲ್ಲುಗಳ ಸಡಿಲನ್ನು ಕೇಜು ನುಂಗಬೇಕಿತ್ತು. ಮಡಚುವ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ ಒಂದೇ ಹಲ್ಲುಚಕ್ರ. ಹಿಂದೆ 14ರಿಂದ 28 ಹಲ್ಲಿನ ಫ್ರೀವೀಲ್ ಇದ್ದರೆ ವ್ಯತ್ಯಾಸ ಬರೀ 14. ಗಿಡ್ಡ ಕೇಜಿನ ಡಿರೇಲರ್‌ಗಳೇ ಸಾಮಾನ್ಯವಾಗಿ 25ಕ್ಕೂ ಹೆಚ್ಚು ಹಲ್ಲುಗಳ ವ್ಯತ್ಯಾಸವನ್ನು ಸಂಭಾಳಿಸುತ್ತವೆ. ಅಂದಮೇಲೆ ಈ ಉದ್ದ ಕಾಲು ಪುಟ್ಟ ಸೈಕಲ್ಲಿಗೆ ಬೇಕಿಲ್ಲದ ಹೊರೆ.

ಲಂಡನ್ನಿನ ಬ್ರಾಂಪ್ಟನ್ ಸೈಕಲ್ಲನ್ನು ರೂಪಿಸಿದ ಆಂಡ್ರ್ಯೂ ರಿಚಿಯವರ ಕಂಪನಿ ಇದಕ್ಕೆ ಬೇರೆಯೇ ದಾರಿ ಹುಡುಕಿತು. ಅವರ ಎರಡು ಗೇರಿನ ಏರ್ಪಾಟಿನಲ್ಲಿ ಡಿರೇಲರಿನ ಎರಡೂ ಕೆಲಸಗಳನ್ನು ಬೇರ್ಪಡಿಸಲಾಗಿದೆ. ಚೈನನ್ನು ಪಕ್ಕಕ್ಕೆ ತಳ್ಳಲು ಒಂದು ಸಣ್ಣ ತುಂಡು, ಬಿಗಿ ಹಿಡಿಯಲು ಬೇರೊಂದು ತೋಳು. ಎರಡು ಹಲ್ಲುಚಕ್ರಗಳ ನಡುವೆ ಮೂರು ನಾಲ್ಕು ಹಲ್ಲುಗಳಷ್ಟೇ ವ್ಯತ್ಯಾಸವಿರುವುದರಿಂದ ತೋಳಿನ ಕೆಲಸ ಹಗುರ. ಹಿಂಚಕ್ರವನ್ನು ಮಡಚಿ ಕೆಳಗೆ ಸರಿಸಿದಾಗ ಜೋಲುಬೀಳುವ ಚೈನನ್ನೂ ಅದೇ ತೋಳು ಹಿಡಿದಿಡುತ್ತದೆ.

ಕತ್ತರಿಸುವ ಮುನ್ನ ಅಳತೆ

ಉದ್ದ ಕೇಜಿನ ಸೈಕಲ್ಲು ಈಗಾಗಲೇ ಮನೆಗೆ ಬಂದಿದ್ದರೆ ಏನು ಮಾಡಬೇಕು? ಮೊದಲು ಸ್ಕೇಲು ಹಿಡಿದು ಕೇಜಿನ ತುದಿಗೂ ನೆಲಕ್ಕೂ ನಡುವಿನ ಜಾಗವನ್ನು ಎಲ್ಲ ಗೇರುಗಳಲ್ಲೂ ಅಳೆಯಿರಿ. 20 ಅಂಗುಲದ ಚಕ್ರವಾದರೆ ಬಹುಮಟ್ಟಿಗೆ ಆರೇಳು ಸೆಂ.ಮೀ. ಸಿಗುತ್ತದೆ, ಅಂಥದ್ದನ್ನು ಮುಟ್ಟಲೇಬೇಡಿ. ಜಾಗ ಸಾಲದಿದ್ದರೆ, ಶಿಫ್ಟರಿಗೆ ಹೊಂದುವ ಗಿಡ್ಡ ಕೇಜಿನ ಡಿರೇಲರ್ ಸಿಗುವುದೇ ಎಂದು ಅಂಗಡಿಯಲ್ಲಿ ವಿಚಾರಿಸಿ. ಅದು ಸುಲಭದ ದಾರಿ. ಸಿಗದಿದ್ದಾಗಷ್ಟೇ ಕೇಜನ್ನು ಗಿಡ್ಡ ಮಾಡುವ ಮಾತು.

ಎಷ್ಟು ಗಿಡ್ಡ? ಇಲ್ಲೂ ಒಂದು ಲೆಕ್ಕವಿದೆ. ಚೈನಿನ ಒಂದು ಕೊಂಡಿ ಅರ್ಧ ಅಂಗುಲ, ಅಂದರೆ 1.27 ಸೆಂ.ಮೀ. ಕೇಜಿನ ಪುಟ್ಟ ಚಕ್ರಕ್ಕೆ 11 ಹಲ್ಲಿದ್ದರೆ ಸುತ್ತಳತೆ ಸುಮಾರು 14 ಸೆಂ.ಮೀ., ವ್ಯಾಸ ಸುಮಾರು 4.5 ಸೆಂ.ಮೀ. ಹಲ್ಲಿನ ತುದಿಯನ್ನೂ ಸೇರಿಸಿದರೆ 5ರ ಹತ್ತಿರ ಬರುತ್ತದೆ. ಆದ್ದರಿಂದ ಎರಡು ಚಕ್ರಗಳ ಕೇಂದ್ರಗಳನ್ನು 5.5 ಸೆಂ.ಮೀ.ಗಿಂತ ಹತ್ತಿರ ತರಬಾರದು. 9.5ರಿಂದ 5.5ಕ್ಕೆ ಇಳಿಸಿದರೆ ಕೆಳಗೆ 4 ಸೆಂ.ಮೀ. ಹೆಚ್ಚು ಜಾಗ ದೊರೆಯುತ್ತದೆ.

ಕೇಜನ್ನು ಬಿಚ್ಚಿ, ಎರಡೂ ಪಟ್ಟಿಗಳನ್ನು ಒಟ್ಟಿಗೆ ವೈಸಿನಲ್ಲಿ ಬಿಗಿದು ಒಂದೇ ಬಾರಿಗೆ ರಂಧ್ರ ಕೊರೆಯಬೇಕು. ರಂಧ್ರಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪುಟ್ಟ ಚಕ್ರ ಓರೆಯಾಗಿ ಚೈನು ಜಿಗಿಯುತ್ತದೆ. ಬೋಲ್ಟ್ ಹಿಡಿಯುವ ಪಟ್ಟಿಯ ರಂಧ್ರಕ್ಕೆ ಮರೆಯೂ ಬೇಕು. ಇದನ್ನು ಲೇತ್ ಅಂಗಡಿಯಲ್ಲಿ ಮಾಡಿಸುವುದು ಲೇಸು. ಒಳಬದಿಗೆ ನಟ್ಟು ಹಾಕಿ ಸುಧಾರಿಸಲು ಹೋದರೆ ಅದು ಕಡ್ಡಿಗಳಿಗೆ ತಾಗಬಹುದು.

ಗರಗಸಕ್ಕೆ ಈಗಲೇ ಕೈ ಹಾಕಬೇಡಿ. ಹೊಸ ರಂಧ್ರದಲ್ಲಿ ಚಕ್ರ ಕೂರಿಸಿ ಚೈನಿನ ಉದ್ದ ಸರಿಪಡಿಸಿ. ಡಿರೇಲರನ್ನು ಬಿಟ್ಟು, ಚೈನನ್ನು ಮುಂದಿನ ಹಲ್ಲುಚಕ್ರ ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಮೇಲೆ ಸುತ್ತಿ, ಅದಕ್ಕೆ ಎರಡು ಕೊಂಡಿ ಸೇರಿಸಿದರೆ ಸಾಕು. ಹಿಂಚಕ್ರವನ್ನು ನೆಲದಿಂದೆತ್ತಿ ಎಲ್ಲ ಗೇರುಗಳಲ್ಲೂ ತಿರುಗಿಸಿ ನೋಡಿ. ಅತಿ ದೊಡ್ಡದರಲ್ಲಿ ಚೈನು ಹರಿಯುವಂತೆ ಬಿಗಿಯಬಾರದು, ಅತಿ ಚಿಕ್ಕದರಲ್ಲಿ ಜೋಲಬಾರದು. ಡಿರೇಲರ್ ಕಡ್ಡಿಗಳತ್ತ ಹೋಗದಂತೆ ತಡೆಯುವ ಸ್ಕ್ರೂವನ್ನೂ ಮತ್ತೊಮ್ಮೆ ಪರೀಕ್ಷಿಸಿ. ಎಲ್ಲ ಸರಿಯಿದ್ದ ಮೇಲೆ ಉಳಿದ ಬಾಲವನ್ನು ಕತ್ತರಿಸಿ, ಅಂಚಿಗೆ ಅರ ಉಜ್ಜಿ. ಸರಿಹೋಗದಿದ್ದರೆ ಹಳೆಯ ರಂಧ್ರ ಇನ್ನೂ ಅಲ್ಲೇ ಇರುತ್ತದೆ. ಚಕ್ರವನ್ನು ಮೊದಲಿನ ಜಾಗಕ್ಕೇ ಹಾಕಬಹುದು.

ತಂದೆ ತಾಯಿಯರಿಗೆ ಒಂದು ಮಾತು

ಹೊಸ ಸೈಕಲ್ಲಿನ ಭಾಗಕ್ಕೆ ಮಗ ಅಥವಾ ಮಗಳು ಗರಗಸ ಹಿಡಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಇದರಿಂದ ಕಂಪನಿಯ ಗ್ಯಾರಂಟಿ ಹೋಗಬಹುದೆಂಬುದೂ ನಿಜ. ಬೇಡವೆನ್ನುವ ಮೊದಲು ಅವರ ಲೆಕ್ಕದ ಹಾಳೆಯನ್ನು ಕೇಳಿ ನೋಡಿ. ಅಚ್ಚಿನ ಎತ್ತರ, ಹಲ್ಲುಗಳ ವ್ಯತ್ಯಾಸ, ಹೊಸ ರಂಧ್ರದ ಜಾಗ, ಈ ಮೂರನ್ನೂ ಬರೆದು ವಿವರಿಸಬಲ್ಲ ಮಕ್ಕಳಿಗೆ ಹಿರಿಯರೊಬ್ಬರ ಜೊತೆಯಲ್ಲಿ, ಕಣ್ಣಿಗೆ ಕನ್ನಡಕ ಹಾಕಿಸಿ, ಅವಕಾಶ ಕೊಡಬಹುದು. ಆದರೆ ಚೌಕಟ್ಟಿನ ಮಡಿಕೆ, ಹ್ಯಾಂಡಲಿನ ಕಂಬ, ಮುಂಚಕ್ರದ ಫೋರ್ಕು, ಬ್ರೇಕು, ಇವು ಸವಾರನ ಜೀವ ಹೊತ್ತ ಭಾಗಗಳು. ಎಂಥ ಲೆಕ್ಕ ತೋರಿಸಿದರೂ ಇವುಗಳಿಗೆ ಗರಗಸ ತಾಗಿಸಲು ಬಿಡಬೇಡಿ.